ಕಾರಿಗೆ ಬಳಿದ ಬೆಲ್ಲದ ಗಾರೆ

ನಮ್ಮ ಕಾರಿನಲ್ಲಿ ಕೂತವರಿಗೆ ರಸ್ತೆ ನೋಡಲು ಕಿಟಕಿ ಬೇಕಿರಲಿಲ್ಲ. ಕಾಲ ಬುಡದಲ್ಲೇ, ಎಡಗಡೆ, ಜೋಳದ ರೊಟ್ಟಿಯಷ್ಟು ಅಗಲದ ತೂತಿತ್ತು. ಅದರೊಳಗಿಂದ ಆಳಂದ ತಾಲೂಕಿನ ಡಾಂಬರು, ಡಾಂಬರು ಮುಗಿದ ಮೇಲೆ ಕಲ್ಲು, ಕಲ್ಲು ಮುಗಿದ ಮೇಲೆ ಕರಿಮಣ್ಣು, ಎಲ್ಲ ಸಾಲಾಗಿ ಹಿಂದಕ್ಕೆ ಓಡುವುದು ಕಾಣುತ್ತಿತ್ತು. ಎಡಗಡೆಯ ಎರಡೂ ಬಾಗಿಲುಗಳ ಕೆಳ ಅಂಚನ್ನು ತುಕ್ಕು ತಿಂದು ಇಲಿ ಕಡಿದ ಚೀಲದಂತೆ ಮಾಡಿತ್ತು. ಮಡ್‌ಗಾರ್ಡಿಗೆ ಬೆರಳು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ನಾನು ದಿನಾ ಒತ್ತಿ ನೋಡುತ್ತಿದ್ದೆ. ಚಿಂತೆ ಮಾಡುವವನ ಜಾತಿಯೇ ಅಂಥದ್ದು: ಹಲ್ಲು ನೋಯುತ್ತಿದೆಯೋ ಇಲ್ಲವೋ ಎಂದು ನಾಲಗೆಯಿಂದ ತಿವಿದು ತಿವಿದು, ಕೊನೆಗೆ ನೋಯಿಸಿಕೊಂಡೇ ಬಿಡುವುದು. ಆ ಕಾರಿನ ತೂತುಗಳಲ್ಲಿ ಅರ್ಧದಷ್ಟನ್ನು ನನ್ನ ಬೆರಳೇ ಮಾಡಿತ್ತು.

ಎಂಬತ್ತರ ದಶಕದ ಮಾತು ಇದು. ಕಾರು ತಂದದ್ದು ಜೇವರ್ಗಿಯಿಂದ. ಅಲ್ಲಿ ಒಬ್ಬ ಅರಳೆ ವ್ಯಾಪಾರಿಯ ಹಿತ್ತಲಲ್ಲಿ, ಬೇವಿನ ಗಿಡದ ಕೆಳಗೆ, ಅದು ನಾಲ್ಕು ಮಳೆಗಾಲ ನಿಂತಿತ್ತು. ನಾನು ನೋಡಲು ಹೋದಾಗ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಕೋಳಿ ಎಬ್ಬಿಸಲು ವ್ಯಾಪಾರಿಗಾದ ಸಂಕಟ ಕಾರು ಕೊಡುವಾಗ ಆಗಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಆದರೆ ಕಾರು ಬೇಕಾಗಿದ್ದದ್ದು ನನಗಲ್ಲ, ನಮ್ಮವ್ವನಿಗೆ. ಅವ್ವನ ತವರು ಅಫಜಲಪುರ. ಅದಕ್ಕೆ ಒಂಬತ್ತು ವರ್ಷ ಮೊದಲು ಪಂಚಮಿ ಹಬ್ಬಕ್ಕೆಂದು ಅವಳು ನಮ್ಮಪ್ಪನ ಜೊತೆ ಬಸ್ಸಿನಲ್ಲಿ ಹೋಗಿ ಇಳಿದಾಗ, ಮನೆ ಮುಂದಿನ ಕಟ್ಟೆಯ ಮೇಲೆ ಹತ್ತು ಜನರ ನಡುವೆ ಕೂತಿದ್ದ ಅವಳ ಅಣ್ಣ, ಅಂದರೆ ನಮ್ಮ ಮಾವ, "ಬಂದ್ಲು ನೋಡ್ರಿ ಮಾಸ್ತರನ ಹೇಣ್ತಿ, ಬಸ್ಸಿನ ಧೂಳೆಲ್ಲ ಸೆರಗಿಗಿ ಕಟ್ಕೊಂಡು. ಆ ಮನ್ಯಾಗ ಒಂದು ಸೈಕಲ್ ಸೈತ ಇಲ್ಲ" ಅಂದ. ಹತ್ತು ಜನ ನಕ್ಕರು. ಅಪ್ಪನೂ ನಕ್ಕ, ಅವನಿಗೆ ಆ ಮಾತಿನಲ್ಲಿ ಸುಳ್ಳೇನೂ ಕಾಣಲಿಲ್ಲ. ಅವ್ವ ನಗಲಿಲ್ಲ. ಕೈಯಲ್ಲಿದ್ದ ಚೀಲ ಕೂಡ ಇಳಿಸದೆ, "ಇನ್ನ ಈ ಹೊಸ್ತಿಲ ತುಳ್ಯೋದು ನಮ್ಮ ಸ್ವಂತ ಗಾಡ್ಯಾಗ ಬಂದು ಇಳ್ದಾಗ" ಎಂದು ಹೇಳಿ ಮುಂದಿನ ಬಸ್ಸಿಗೆ ಆಳಂದಕ್ಕೆ ವಾಪಸಾದಳು.

ನಮ್ಮ ಕಡೆ ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಖುದ್ದು ಬರಬೇಕು. ಮಾವ ಬರಲಿಲ್ಲ, ವರ್ಷಾ ವರ್ಷಾ ಯಾರ ಬಾಯಿಂದಲೋ ಹೇಳಿ ಕಳಿಸಿದ. ಅವ್ವ ವರ್ಷಾ ವರ್ಷಾ ಉಂಡಿ ಕಟ್ಟಿ, ತಾನು ಒಂದೂ ತಿನ್ನದೆ ಡಬ್ಬಿಗೆ ಹಾಕಿ, ಓಣಿಯ ಹೆಣ್ಣುಮಕ್ಕಳು ಜೋಕಾಲಿ ಆಡುವುದನ್ನು ಬಾಗಿಲಲ್ಲಿ ಕೂತು ನೋಡಿದಳು. ಆದರೆ ಆ ವರ್ಷ ಬಂದ ಕರೆಗೆ ಒಂದು ಬಾಲ ಇತ್ತು. ದೀಪಾವಳಿ ಆದ ಮೇಲೆ ಮಾವ ಮನೆಯ ಹಳೇ ಮಾಳಿಗೆ, ಅಂದರೆ ಸುಣ್ಣದ ಗಾರೆಯ ಚಾವಣಿ, ಕೆಡವಿ ಸ್ಲ್ಯಾಬ್ ಹಾಕಿಸುತ್ತಾನಂತೆ. ಅವ್ವ ಹುಟ್ಟಿದ್ದು ಆ ಮಾಳಿಗೆಯ ಕೆಳಗೆ. ಅದರ ಗಾರೆ ಕಲಸಿದವನು ಅವಳಪ್ಪ. ಈ ಪಂಚಮಿ ತಪ್ಪಿದರೆ ಅದನ್ನು ನೋಡುವುದು ಮುಗಿದಂತೆಯೇ. ಅದನ್ನು ಕೇಳಿದ ಮೇಲೆ ಅವ್ವ ಮೂರು ದಿನ ಪಲ್ಯಕ್ಕೆ ಉಪ್ಪು ಹಾಕುವುದು ಮರೆತಳು. ನಾಲ್ಕನೇ ದಿನ ನಾನು ಜೇವರ್ಗಿಗೆ ಹೋಗಿ ಕೋಳಿ ಎಬ್ಬಿಸಿದೆ.

ಆಳಂದದ ಬಸ್‌ಸ್ಟ್ಯಾಂಡ್ ಹಿಂದೆ ಒಬ್ಬ ಡೆಂಟಿಂಗ್ ಮಿಸ್ತ್ರಿ ಇದ್ದ. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಕುಟ್ಟಿ, ಕಿವಿಗೊಟ್ಟು ಕೇಳಿದ. ಡಾಕ್ಟರು ಎದೆಗೆ ಕೊಳವೆ ಇಟ್ಟಾಗ ರೋಗಿಯ ಕಡೆಯವರು ಡಾಕ್ಟರ ಮುಖ ನೋಡುವ ಹಾಗೆ ನಾನು ಅವನ ಮುಖ ನೋಡಿದೆ.

"ಇದು ಕಾರಲ್ಲ ಸಾಬ್," ಅಂದ. "ನಾಕು ಗಾಲಿ ಮ್ಯಾಲ ಬಣ್ಣ ಕುಂತದ. ನಡುವ ಎಲ್ಲೋ ಒಂದೀಟು ತಗಡಿನ ಪತ್ರಾ ಅದ."

"ರಿಪೇರಿ ಆಗ್ತದಲ್ರಿ?"

"ಆಗ್ತದ. ಜಂಗು, ಅಂದ್ರ ತುಕ್ಕು, ಹುಳುಕ ಹಲ್ಲಿದ್ದಂಗ. ಮ್ಯಾಲ ಮುಚ್ಚಿದ್ರ ಒಳಗ ತಿಂತದ. ಪತ್ರಾ ಬೆಳ್ಳಗ ಮಿಂಚೋ ತನಕಾ ಕೊಯ್ದು ತಗೀಬೇಕು, ಹೊಸ ಪತ್ರಾ ಇಟ್ಟು ವೆಲ್ಡಿಂಗ್ ಮಾಡಬೇಕು. ಒಂದು ತೂತು ಮುಚ್ಚಾಕ ಮೂರು ತೂತು ದೊಡ್ಡದು ಮಾಡಬೇಕಾಗ್ತದ. ನೀವು ಅಂಜಬಾರ್ದು."

ನಾನು ಅಂಜಿದೆ. ಅದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅವನು ಹೇಳಿದಂತೆಯೇ ಮಾಡಿದ. ಮೊದಲು ನೆಲ. ರೊಟ್ಟಿಯಗಲದ ತೂತನ್ನು ಹರಿವಾಣದಗಲ ಕೊಯ್ದ, ಹೊಸ ತಗಡು ಇಟ್ಟು ಸುತ್ತ ವೆಲ್ಡಿಂಗ್ ಎಳೆದ, ಮೇಲೆ ಕೆಂಪು ಪ್ರೈಮರ್ ಬಳಿದ. ನಾನು ಒಂದು ಕಾಲು ಇಟ್ಟು, ಆಮೇಲೆ ಎರಡೂ ಕಾಲು ಇಟ್ಟು, ಆಮೇಲೆ ಯಾರೂ ನೋಡದಾಗ ಕುಣಿದು ನೋಡಿದೆ. ಗಟ್ಟಿಯಾಗಿತ್ತು. ಬಾಗಿಲಿಗೆ ಕೈ ಹಚ್ಚುವಷ್ಟರಲ್ಲಿ ಅವನ ಗ್ಯಾಸ್ ಮುಗಿಯಿತು. ಸಿಲಿಂಡರು ಗುಲಬರ್ಗಾಕ್ಕೆ ಹೋಗಬೇಕು, ತುಂಬಿಸಿಕೊಂಡು ಬರುವುದು ಹಬ್ಬ ಆದ ಮೇಲೇ. ಹಬ್ಬಕ್ಕೆ ಉಳಿದದ್ದು ಐದು ದಿನ.

"ಸದ್ಯಕ್ಕ ಪೇಪರ್ ತುರುಕಿ ಮ್ಯಾಲ ಪುಟ್ಟಿ ಬಳ್ಯಾಕ ಬರ್ತದೇನ್ರಿ?" ಎಂದು ಕೇಳಿದೆ.

"ಬಳೀರಿ. ಖರೇ, ಮಾಡಿದಾಂವ ನಾನಂತ ಯಾರ ಮುಂದೂ ಹೇಳಬ್ಯಾಡ್ರಿ."

ಮನೆಗೆ ಬಂದು ಸಂಗತಿ ಹೇಳಿದೆ. ಅವ್ವ ಎದ್ದು ಅಂಗಳಕ್ಕೆ ಬಂದು, ಬಾಗಿಲಿನ ತೂತಿನೊಳಗೆ ಕೈ ಹಾಕಿ, ಪುಂಡಿಪಲ್ಯ ಬೆಂದಿದೆಯೋ ಇಲ್ಲವೋ ನೋಡುವವಳಂತೆ ಅಂಚು ಮುರಿದು ನೋಡಿದಳು.

"ಇಷ್ಟಕ್ಕ ಯಾಕ ಹೆದರ್ತಿ? ಗಾರಿ ಹಾಕೂಣು."

"ಯವ್ವಾ, ಇದು ಕಾರು."

"ಇದ್ದರಿರಲಿ. ಬಿಳೇದದ ಇಲ್ಲೋ? ಗಾರೀನೂ ಬಿಳೇದ. ನಮ್ಮಪ್ಪ ಹಾಕಿದ ಮಾಳಿಗಿ ನಲವತ್ತು ಮಳಿಗಾಲ ಕಂಡದ, ಒಂದು ಹನಿ ಸೋರಿಲ್ಲ. ನಿನ್ನ ಮಿಸ್ತ್ರೀಗಿ ಏನು ಗೊತ್ತದ?"

ಮಿಸ್ತ್ರಿಗೆ ಗೊತ್ತಿತ್ತು. ನಾನು ಓಡಿಹೋಗಿ ಕೇಳಿದಾಗ ಅವನು ಬೀಡಿ ಬಾಯಿಂದ ತೆಗೆದು, "ಸಾಬ್, ಮನಿ ಗ್ವಾಡಿ ನಿಂತಲ್ಲೇ ನಿಂತಿರ್ತದ" ಎಂದಷ್ಟೇ ಹೇಳಿ, ಬೀಡಿ ಮತ್ತೆ ಬಾಯಿಗಿಟ್ಟ. ನನ್ನ ಕಾರೂ ಹೆಚ್ಚು ಹೊತ್ತು ನಿಂತೇ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು ಬಂದೆ.

ಅವ್ವ ಅರಳಿಸಿದ ಸುಣ್ಣ ಸೋಸಿದಳು. ಬೆಲ್ಲ ನೆನೆಹಾಕಿದಳು. ಮೆಂತ್ಯ ರುಬ್ಬಿದಳು. ಗಾರೆ ಗಟ್ಟಿ ಹಿಡಿಯಲೆಂದು ಅಳಲೆಕಾಯಿ ಕುಟ್ಟಿ ಕುದಿಸಿ ರಸ ತೆಗೆದಳು. ತನ್ನ ಹಳೇ ಹಿಟ್ಟಿನ ಜರಡಿ ಕತ್ತರಿಸಿ ಅದರ ಜಾಳಿಗೆಯನ್ನು ತೂತಿನ ಒಳಗಡೆ ಸಿಗಿಸಿ, ಮೇಲೆ ಗಾರೆ ಮೆತ್ತಿ, ಹೊಳೆಯ ನುಣ್ಣನೆಯ ಕಲ್ಲಿನಿಂದ ಉಜ್ಜಿದಳು. ಹಿಂದಿನ ಬಾಗಿಲು, ಮುಂದಿನ ಬಾಗಿಲು, ಮಡ್‌ಗಾರ್ಡು. ಉಜ್ಜುವಾಗ ಅವಳ ಮುಖದಲ್ಲಿ ಒಂಬತ್ತು ವರ್ಷದಲ್ಲಿ ನಾನು ಕಾಣದ ಒಂದು ಗತ್ತು ಇತ್ತು. ಖರೇ ಹೇಳಬೇಕೆಂದರೆ ಕೆಲಸ ಚಂದವೇ ಆಯಿತು. ನನ್ನ ಬೆರಳು ಒತ್ತಿ ನೋಡಿದೆ, ಒಳಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನೆರೆಮನೆಯ ಎಮ್ಮೆ ಮಡ್‌ಗಾರ್ಡು ನೆಕ್ಕುತ್ತ ನಿಂತಿತ್ತು. ಅದರ ಮರುದಿನ ಇರುವೆ ಬಂದವು. ಮೊದಲು ಒಂದು ಸಾಲು, ಆಮೇಲೆ ಬಂಧುಬಳಗ. ಅಪ್ಪ ಪೇಪರ್ ಮಡಿಚಿ, ಕನ್ನಡಕ ಏರಿಸಿ ನೋಡಿ, "ಈ ಸಲ ಓಣಿಯವರು ಹಾಲೆರಿಯಾಕ ಹುತ್ತ ಹುಡುಕಿ ಹೊಲಕ್ಕ ಹೋಗೋದು ಬ್ಯಾಡ. ನಮ್ಮ ಅಂಗಳಕ್ಕ ಬರಲಿ" ಅಂದ. ಅವ್ವ ಇರುವೆಗಳ ಮೇಲೆ ಅರಿಶಿನ ಸುರಿದಳು. ಕಾರು ಮದುವಣಗಿತ್ತಿಯಂತೆ ಕಾಣತೊಡಗಿತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹೊರಟೆವು. ಅಪ್ಪ, "ನಾ ಬಸ್ಸಿಗೇ ಬರ್ತೇನಿ. ಯಾರರ ಒಬ್ಬರು ಮುಟ್ಟಬೇಕಲ್ಲ" ಎಂದು ಛತ್ರಿ ಹಿಡಿದು ಬಸ್‌ಸ್ಟ್ಯಾಂಡ್ ಕಡೆ ನಡೆದ. ಅವ್ವ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಬಲಗಡೆಯಿಂದ ಹತ್ತಿ ಎಡಕ್ಕೆ ಸರಿದಳು, ಯಾಕೆಂದರೆ ಎಡಗಡೆಯ ಬಾಗಿಲು ತೆರೆಯಲಿಲ್ಲ. ಗಾರೆಯನ್ನು ಬಾಗಿಲಿನ ಸಂದಿಗೂ ಮೆತ್ತಿ ಉಜ್ಜಿಬಿಟ್ಟಿದ್ದಳು. ಇಳಿಯುವಾಗ ನೋಡಿಕೊಂಡರಾಯಿತು ಅಂದುಕೊಂಡೆ. ಅಂದರೆ, ದಾರಿಯುದ್ದಕ್ಕೂ ಅದನ್ನೇ ಚಿಂತಿಸಿದೆ.

ಮಾದನಹಿಪ್ಪರಗಾ ಬರುವಷ್ಟರಲ್ಲಿ ಎಂಜಿನ್ನಿನ ಬಿಸಿಗೆ ಇರುವೆಗಳು ಒಳಗೆ ಬಂದವು. ನನ್ನ ಪಾದದಿಂದ ಶುರುವಾಗಿ ಮೇಲಕ್ಕೆ, ಹೇಳಬಾರದ ಊರುಗಳ ಕಡೆ ಹೊರಟವು. ನಾನು ಸ್ಟೀರಿಂಗ್ ಹಿಡಿದು ಕೂತಲ್ಲೇ ಕುಣಿಯುತ್ತ ಬಸ್‌ಸ್ಟ್ಯಾಂಡ್ ಮುಂದೆ ಗಾಡಿ ನಿಲ್ಲಿಸಿದೆ. ಪಕ್ಕದಲ್ಲೇ ಅಫಜಲಪುರದ ಬಸ್ಸು ನಿಂತಿತ್ತು. ಅದರ ಕಿಟಕಿಯಲ್ಲಿ ಅಪ್ಪ, ಶೇಂಗಾ ತಿನ್ನುತ್ತ.

"ಬರ್ತೀಯೇನು? ಜಾಗಾ ಹಿಡ್ದೇನಿ," ಅಂದ ಅವ್ವನಿಗೆ.

ಅವ್ವನ ಕುತ್ತಿಗೆಯ ಮೇಲೆ ಒಂದು ಇರುವೆ ಹರಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಕಿಟಕಿಯಿಂದ ಆಚೆ, ಅಪ್ಪನಿಲ್ಲದ ದಿಕ್ಕಿಗೆ ನೋಡುತ್ತ, "ಗಾಡಿ ಬಿಡು" ಅಂದಳು ನನಗೆ. ಬಸ್ಸು ನಮಗಿಂತ ಮೊದಲು ಹೋಯಿತು.

ಊರು ದಾಟಿದ್ದೇ ಮಳೆ ಬಂತು. ದೊಡ್ಡ ಮಳೆಯಲ್ಲ, ಶ್ರಾವಣದ ಜಿಟಿಜಿಟಿ. ನಾಲ್ಕೇ ದಿನದ ಹಸಿ ಗಾರೆಗೆ ಅಷ್ಟು ಸಾಕಾಯಿತು. ಮುಂದಿನ ಬಾಗಿಲಿನಿಂದ ಬೆಲ್ಲದ ನೀರು ಚಹದ ಬಣ್ಣದಲ್ಲಿ ಇಳಿಯುವುದು ಕನ್ನಡಿಯಲ್ಲಿ ಕಂಡಿತು. ಒಂದು ತಗ್ಗಿನಲ್ಲಿ ಗಾಡಿ ಕುಣಿದಾಗ ಮಡ್‌ಗಾರ್ಡಿನ ಗಾರೆ ಧಪ್ ಎಂದು ರಸ್ತೆಗೆ ಬಿತ್ತು. "ಏನದು?" ಅಂದಳು ಅವ್ವ. "ಕಲ್ಲು" ಅಂದೆ. ಅದು ಸುಳ್ಳೂ ಆಗಿರಲಿಲ್ಲ.

ಅಫಜಲಪುರದ ಮನೆ ಮುಂದೆ ಗಾಡಿ ನಿಂತಾಗ ಕಟ್ಟೆಯ ಮೇಲೆ ಮಾವ ಇದ್ದ, ಪಕ್ಕದಲ್ಲಿ ನಮ್ಮಪ್ಪ ಆಗಲೇ ಕಾಲು ತೊಳೆದು ಚಹ ಕುಡಿಯುತ್ತಿದ್ದ, ಮತ್ತೆ ಅದೇ ಹತ್ತು ಜನ. ಮಾವ ಎದ್ದ. ಮೈ ಕರಗಿತ್ತು, ಮೀಸೆ ಬೆಳ್ಳಗಾಗಿತ್ತು. ಕಾರಿನ ಸುತ್ತ ನಿಧಾನ ಒಂದು ಸುತ್ತು ಬಂದ. ಎಡಗಡೆಯ ಬಾಗಿಲ ಹತ್ತಿರ ನಿಂತು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಿದ. ಒಂದು ಚೂರು ಉದುರಿತು. ಅದನ್ನು ಎತ್ತಿಕೊಂಡು ಮೂಸಿದ, ನಾಲಗೆಗೆ ಹಚ್ಚಿದ. ಹತ್ತು ಜನ ನಗಲು ತಯಾರಾಗಿ ಕೂತಿದ್ದರು. ಮಾವ ಒಂದು ಮಾತು ಎಡವಟ್ಟಾಗಿ ಆಡಿದರೆ ಅವ್ವ ಗಾಡಿ ತಿರುಗಿಸು ಅನ್ನುತ್ತಾಳೆ, ಆ ಮಾಳಿಗೆ ಅವಳ ಪಾಲಿಗೆ ಇವತ್ತೇ ಬೀಳುತ್ತದೆ.

"ಅಳಲೆಕಾಯಿ ಕಡಿಮಿ ಆಗ್ಯದ," ಅಂದ ಮಾವ.

ಒಂಬತ್ತು ವರ್ಷದ ಮೇಲೆ ತಂಗಿಗೆ ಆಡಿದ ಮೊದಲ ಮಾತು.

ಒಳಗಿನಿಂದ ಉತ್ತರ ಬಂತು. "ಏನೂ ಕಡಿಮಿ ಆಗಿಲ್ಲ. ಒಂದು ಮುಷ್ಟಿ ಹಾಕೇನಿ."

"ಒಂದು ಮುಷ್ಟೀಗಿ ಏನಾಗ್ತದ? ಅಪ್ಪ ಎರಡು ಹಾಕ್ತಿದ್ದ."

"ಅಪ್ಪನ ಮುಷ್ಟಿ ಸಣ್ಣದಿತ್ತು."

"ಯಾರದು? ಅಪ್ಪಂದು? ಆ ಕೈಲಿಂದ ನೀ ಒಂದೇಟರ ತಿಂದೀಯೇನು? ತಿಂದಾಂವ ನಾನು, ನನಗ ಗೊತ್ತದ ಎಷ್ಟು ದೊಡ್ಡದಿತ್ತಂತ. ಮತ್ತ ಎಷ್ಟು ದಿನ ಆರಿಸೀದಿ?"

"ನಾಕು."

"ನಾಕು! ಗಾರಿ ಹಾಕಿ ನಾಕ ದಿನಕ್ಕ ಊರು ಸುತ್ತಸ್ತಾರೇನು? ಅಪ್ಪ ಇದ್ದಿದ್ರ ಕಟ್ಟಿಗಿ ತಗೊಂಡು..."

"ನಿನಗೂ ಬಿಡ್ತಿರಲಿಲ್ಲ. ಅಂವ ಹಾಕಿದ ಮಾಳಿಗಿ ಕೆಡವಾಕ ನಿಂತೀದಿ."

ಮಾವ ಕೈಯಲ್ಲಿದ್ದ ಗಾರೆಯ ಚೂರನ್ನು ತಿರುಗಿಸಿ ನೋಡಿದ. ಅಪ್ಪ ಚಹದ ಬಟ್ಟಲು ಕೆಳಗಿಟ್ಟ. ಅವ್ವ ಒಳಗಿನಿಂದ ಬಾಗಿಲು ನೂಕಿದಳು, ಅದು ಅಲ್ಲಾಡಲಿಲ್ಲ. ಮತ್ತೊಮ್ಮೆ ಭುಜ ಕೊಟ್ಟು ನೂಕಿದಳು. ಬಲಗಡೆಯಿಂದ ಇಳಿಯಬಹುದಿತ್ತು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

"ಒಂಬತ್ತು ವರ್ಷ ಕರಿಯಾಕಂತೂ ಬರಲಿಲ್ಲ," ಅಂದಳು ಅಣ್ಣನಿಗೆ. "ಈಗ ಬಾಗಿಲರ ತಗಿ."

ಮಾವ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಕಟ್ಟಿದ. ಹಿಡಿಕೆಗೆ ಎರಡೂ ಕೈ ಹಾಕಿ, ಕಾರಿನ ಮೈಗೆ ಒಂದು ಕಾಲು ಕೊಟ್ಟು ಎಳೆದ. ಬರಲಿಲ್ಲ. "ಕಡಿಮಿ ಆಗ್ಯದ ಅಂದಿ?" ಎಂದು ಒಳಗಿನಿಂದ ಕೇಳಿಸಿತು. ಮಾವ ಹಲ್ಲು ಕಚ್ಚಿ ಮತ್ತೆ ಎಳೆದ. ಬಾಗಿಲು ಒಮ್ಮೆಲೇ ಕಿತ್ತುಕೊಂಡು ತೆರೆಯಿತು, ಗಾರೆ ಜರಡಿಯ ಸಮೇತ ಉದುರಿತು, ಮಾವ ತನ್ನ ಹತ್ತು ಜನರ ಕಣ್ಣ ಮುಂದೆ ಕೆಸರಿನಲ್ಲಿ ಕೂತ. ಇಳಕಲ್ ಸೀರೆಯ ತುಂಬ ಇರುವೆ, ಅರಿಶಿನ, ಸುಣ್ಣದ ಪುಡಿ ಹೊತ್ತುಕೊಂಡು ಅವ್ವ ಇಳಿದಳು. ಬಸ್ಸಿನ ಧೂಳು ಎಷ್ಟೋ ವಾಸಿಯಿತ್ತು. ಕೆಸರಲ್ಲಿ ಕೂತ ಅಣ್ಣನಿಗೆ ಕೈ ಕೊಟ್ಟು ಎಬ್ಬಿಸಿದಳೋ, ಅವನೇ ಅವಳ ಕೈ ಹಿಡಿದು ಎದ್ದನೋ, ನನಗೆ ಸರಿಯಾಗಿ ಕಾಣಲಿಲ್ಲ. ನಾನು ಆಗ ಅಂಗಿ ಬಿಚ್ಚಿ ಝಾಡಿಸುತ್ತಿದ್ದೆ. ತಿರುಗಿ ನೋಡಿದಾಗ ಇಬ್ಬರೂ ಹೊಸ್ತಿಲ ಒಳಗಿದ್ದರು, ತಲೆ ಎತ್ತಿ ಮಾಳಿಗೆ ನೋಡುತ್ತ, ಎರಡು ಮುಷ್ಟಿಯೋ ಒಂದೋ ಎಂದು ಜಗಳಾಡುತ್ತಿದ್ದರು.

ಮಾವ ಹಬ್ಬದ ಮರುದಿನ ಹಟಕ್ಕೆ ಬಿದ್ದು, ಎರಡು ಮುಷ್ಟಿ ಹಾಕಿ, ತಾನೇ ಗಾರೆ ಕಲಸಿ ಹಿಂದಿನ ಬಾಗಿಲಿಗೆ ಮೆತ್ತಿದ. ಎಂಟು ದಿನ ಆರಿಸಿದ ಮೇಲೇ ನಮ್ಮನ್ನು ಬಿಟ್ಟ. ಆಳಂದದ ಮಿಸ್ತ್ರಿ ತುಂಬಿದ ಸಿಲಿಂಡರು ಇಟ್ಟುಕೊಂಡು ಕಾಯುತ್ತಿದ್ದ. ಮುಂದಿನ ಬಾಗಿಲು, ಮಡ್‌ಗಾರ್ಡು ಎಲ್ಲ ಕೊಯ್ದು ಹೊಸ ಪತ್ರಾ ಹಾಕಿದ. ಹಿಂದಿನ ಬಾಗಿಲಿಗೆ ಬಂದಾಗ ಉಳಿ ಇಟ್ಟು ಬಡಿದ, ಉಳಿ ಮೊಂಡಾಯಿತು. "ಇದು ಯಾರು ಮಾಡಿದ್ರು ಸಾಬ್?" ಅಂದ. ಮಾಡಿದವನ ಹೆಸರು ಹೇಳಬಾರದೆಂದು ಅವನೇ ಹಾಕಿದ್ದ ಕರಾರು ನೆನಪಾಗಿ, ಅವನ ಬೀಡಿಗೆ ಕಡ್ಡಿ ಗೀರಿದೆ.

ದೀಪಾವಳಿ ಆದ ಮೇಲೆ ಮಾವ ಮಾಳಿಗೆ ಕೆಡವಿಯೇ ಬಿಟ್ಟ, ಸ್ಲ್ಯಾಬ್ ಹಾಕಿಸಿದ. ಮುಂದಿನ ಪಂಚಮಿಗೆ ತಾನೇ ಕರೆಯಲು ಬಂದ, ಬಸ್ಸಿನಲ್ಲಿ. ಕಾರು ಇನ್ನೂ ಆರು ವರ್ಷ ನಡೆಯಿತು. ಕೊನೆಗೆ ಅದನ್ನು ಗುಜರಿಗೆ ಹಾಕುವಾಗ ಹಿಂದಿನ ಬಾಗಿಲಿನ ತಗಡನ್ನೆಲ್ಲ ತುಕ್ಕು ತಿಂದು ಮುಗಿಸಿತ್ತು. ಮಾವನ ಗಾರೆ ಮಾತ್ರ ಅಂಗೈಯಗಲ ಹಾಗೇ ಉಳಿದಿತ್ತು. ಅವ್ವ ಅದನ್ನು ಬಿಡಿಸಿಕೊಂಡು ಬಂದಳು. ಈಗ ಅದು ನಮ್ಮ ಅಡುಗೆಮನೆಯಲ್ಲಿ, ಬೆಕ್ಕಿನ ಕಾಟಕ್ಕೆ, ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಕೂತಿದೆ. ಅದನ್ನು ಎತ್ತಿಡುವಾಗೆಲ್ಲ ಅವ್ವ ಅನ್ನುತ್ತಾಳೆ:

"ಅಳಲೆಕಾಯಿ ಜಾಸ್ತಿ ಹಾಕ್ಯಾನ."