ಪುಟ್ ಎಂಬ ಪುಟ್ಟ ಕ್ರಿಯಾಪದ

ಇಂಗ್ಲಿಷಿನ ದೊಡ್ಡ ಪದಗಳನ್ನು ಕಂಡರೆ ನನಗೆ ಭಯವಿಲ್ಲ. ಅರ್ಧ ಸಾಲಿನ ಉದ್ದಕ್ಕೂ ಕಾಲು ಚಾಚಿ ಮಲಗಿರುವ ಪದ ಎದುರಾದರೆ ನಿಘಂಟು ತೆರೆಯುತ್ತೇನೆ, ಅರ್ಥ ನೋಡುತ್ತೇನೆ, ಮುಚ್ಚುತ್ತೇನೆ. ಅಂಥ ಪದಕ್ಕೆ ಒಂದೇ ಅರ್ಥ, ಒಂದೇ ಮಾತು. ನನಗೆ ಭಯವಿರುವುದು ಸಣ್ಣ ಪದಗಳದ್ದು. ಅದರಲ್ಲೂ ‘ಪುಟ್’. ಅವರ ಲಿಪಿಯಲ್ಲಿ ಬರೆದರೆ ಮೂರೇ ಅಕ್ಷರ. ನಿಘಂಟಿನಲ್ಲಿ ನೋಡಿದರೆ ಎರಡೂವರೆ ಪುಟ. ಆನ್, ಆಫ್, ಔಟ್, ಅಪ್, ಡೌನ್, ಅವೇ ಎಂದು ಹಿಂದೆ ಯಾವ ಬಾಲ ಕಟ್ಟಿಕೊಂಡರೂ ಅದರ ಮುಖವೇ ಬದಲಾಗಿಬಿಡುತ್ತದೆ. ಈ ಪದದ ಪರಿಚಯ ನನಗೆ ಆದದ್ದು ಐವತ್ತೊಂದನೇ ವಯಸ್ಸಿನಲ್ಲಿ. ಪರಿಚಯ ಮಾಡಿಸಿದವಳು ಓಬಮ್ಮ.

ಓಬಮ್ಮ ಮತ್ತು ನಾನು ನನ್ನಿವಾಳದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಒಂದೇ ಮಣೆಯ ಮೇಲೆ ಕೂತವರು. ಲೆಕ್ಕದಲ್ಲಿ ಅವಳು ನನಗಿಂತ ಜಾಣೆ. ಆದರೆ ಏಳನೆಯದು ಮುಗಿದ ಮೇಲೆ ನಾನು ಚಳ್ಳಕೆರೆಯ ಹೈಸ್ಕೂಲಿಗೆ ಹೋದೆ, ಅವಳು ಶೇಂಗಾ ಬಿಡಿಸುವ ಕೂಲಿಗೆ ಹೋದಳು. ಈಗ ನಾನು ಮೊಳಕಾಲ್ಮೂರಿನ ಒಂದು ಶಾಲೆಯಲ್ಲಿ ಕನ್ನಡದ ಮೇಡಂ. ಚಳ್ಳಕೆರೆಯಲ್ಲಿ ಮನೆ, ದಿನಾ ಬಸ್ಸಿನಲ್ಲಿ ಓಡಾಟ. ಓಬಮ್ಮ ಕುದಾಪುರದ ಕಡೆ ಎದ್ದಿರುವ ದೊಡ್ಡ ದೊಡ್ಡ ವಿಜ್ಞಾನ ಕ್ಯಾಂಪಸ್ಸುಗಳಲ್ಲೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಆಕಾಶದ ಲೆಕ್ಕ ಹಾಕುವವರಿಗೆಲ್ಲ ಅವಳದೇ ಸಾರು.

ಒಂದು ಭಾನುವಾರ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ವಿಷಯಕ್ಕೆ ಬಂದಳು.

“ತಿಪ್ಪಿ, ನಂಗೆ ಇಂಗ್ಲಿಷ್ ಹೇಳ್ಕೊಡು. ಜಾಸ್ತಿ ಬ್ಯಾಡ. ಒಂದೇ ಒಂದು ಹಾಳೆ ಐತೆ.”

ಊರವರಿಗೆಲ್ಲ ತಿಪ್ಪಮ್ಮ ಮೇಡಂ ಆಗಿರುವ ನನ್ನನ್ನು ತಿಪ್ಪಿ ಎನ್ನುವ ಅಧಿಕಾರ ಈಗ ಉಳಿದಿರುವುದು ಅವಳೊಬ್ಬಳಿಗೇ. ವಿಷಯ ಏನೆಂದರೆ, ಅವರ ಅಡುಗೆಮನೆಗೆ ಸೂಪರ್‌ವೈಸರ್ ಬೇಕಾಗಿತ್ತು. ಒಂಬತ್ತು ವರ್ಷದಲ್ಲಿ ಮೂರು ಸೂಪರ್‌ವೈಸರುಗಳು ಹೊರಗಿನಿಂದ ಬಂದು, ಓಬಮ್ಮನಿಂದಲೇ ಕೆಲಸ ಕಲಿತು, ಓಬಮ್ಮನಿಗೇ ಜೋರು ಮಾಡಿ ಹೋಗಿದ್ದರು. ಈ ಸಲ ಅವಳನ್ನೇ ಮಾಡಬಹುದು ಎಂಬ ಮಾತು ಬಂದಿತ್ತು. ಆದರೆ ಅದಕ್ಕೊಂದು ಸುರಕ್ಷತಾ ಪರೀಕ್ಷೆ, ಅದೂ ಇಂಗ್ಲಿಷಿನಲ್ಲಿ.

“ಕನ್ನಡದಾಗೆ ಕೇಳಂಗಿಲ್ವೇನೆ?” ಎಂದೆ.

“ನಾಕು ದಿಕ್ಕಿನಿಂದ ಬಂದೋರು ಕಣೆ. ಒಬ್ರ ಭಾಷೆ ಇನ್ನೊಬ್ರಿಗೆ ಗೊತ್ತಾಗಲ್ಲ. ಅದಕ್ಕೆ ಎಲ್ರಿಗೂ ಇಂಗ್ಲಿಷು.”

ಫೋನಿನಲ್ಲಿ ಅವಳು ಅಡುಗೆಮನೆಯ ಗೋಡೆಯ ಫೋಟೋ ತೋರಿಸಿದಳು. ಹನ್ನೊಂದು ಸಾಲಿನ ಸೂಚನೆಗಳು. ಅದರಲ್ಲಿ ಏಳರಲ್ಲಿ ಪುಟ್ ಇತ್ತು. ಬರೆದ ಪುಣ್ಯಾತ್ಮನಿಗೆ ಬೇರೆ ಕ್ರಿಯಾಪದವೇ ಗೊತ್ತಿರಲಿಲ್ಲವೋ, ನಮ್ಮಿಬ್ಬರನ್ನು ಪರೀಕ್ಷಿಸುವ ಮನಸ್ಸಿತ್ತೋ ತಿಳಿಯದು.

ಈಗ ನಾನು ಹೇಳಬೇಕಾಗಿದ್ದ ಮಾತು ಒಂದೇ: “ಓಬಿ, ನಾನು ಕನ್ನಡದ ಮೇಡಂ ಕಣೆ, ಇದು ನನಗೂ ಸರಿಯಾಗಿ ಬರಲ್ಲ.” ಆದರೆ ಅವಳು ಚಾಪೆಯ ಮೇಲೆ ನೆಟ್ಟಗೆ ಕೂತು, ಹೊಸ ನೋಟ್‌ಬುಕ್ಕು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು ನನ್ನ ಮುಖ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಪಾಠ ಹೇಳಿದವರಿಗೆ ಬಿಚ್ಚಿದ ನೋಟ್‌ಬುಕ್ಕು ಕಂಡರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ನನ್ನ ಬಾಯಿಯೂ ತೆರೆಯಿತು.

ವ್ಯಾಕರಣದಲ್ಲಿ ಸಂಧಿ ಬಿಡಿಸಿ ಬಿಡಿಸಿ ಪಳಗಿದ ಕೈ ನನ್ನದು. ಇಂಗ್ಲಿಷನ್ನೂ ಹಾಗೇ ಬಿಡಿಸಿದೆ. ‘ಪುಟ್ ಆನ್’ ಎಂದರೆ ತೊಟ್ಟುಕೊ. ಟೋಪಿ ಪುಟ್ ಆನ್ ಮಾಡು. ಇಷ್ಟು ನನಗೆ ನಿಜವಾಗಿ ಗೊತ್ತಿತ್ತು. ಇದರ ಬಲದ ಮೇಲೆ ಮುಂದುವರಿದೆ. ಆನ್‌ಗೆ ವಿರುದ್ಧಪದ ಆಫ್. ಆದ್ದರಿಂದ ‘ಪುಟ್ ಆಫ್’ ಎಂದರೆ ಕಳಚು. ಔಟ್ ಎಂದರೆ ಹೊರಗೆ, ಪುಟ್ ಎಂದರೆ ಇಡು. ಆದ್ದರಿಂದ ‘ಪುಟ್ ಔಟ್’ ಎಂದರೆ ಹೊರಗಿಡು. ನಿಘಂಟು ನನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಶಿಷ್ಯೆಯ ಎದುರಿಗೆ ಎದ್ದು ಹೋಗಿ ನೋಡುವುದು ಮರ್ಯಾದೆಯಲ್ಲ ಎಂದು ನಾನು ಏಳಲಿಲ್ಲ.

ಓಬಮ್ಮನಿಗೆ ಒಂದು ಕಡೆ ಅನುಮಾನ ಬಂತು.

“ಬೆಂಕಿ ಹತ್ತಿದ್ರೆ ಪುಟ್ ಔಟ್ ಮಾಡಿ ಅಂತ ಐತಲ್ಲ. ಬೆಂಕಿನ ಯಾಕೆ ಹೊರಗಿಡಬೇಕು?”

“ಒಳಗಿದ್ರೆ ಅಪಾಯ ಅಲ್ವೇನೆ?”

“ಅದೂ ನಿಜವೇ,” ಎಂದು ಬರೆದುಕೊಂಡಳು.

ನಾಲ್ಕು ಭಾನುವಾರ ಪಾಠ ನಡೆಯಿತು. ಅಪಘಾತದ ವರದಿಯನ್ನು ಪುಟ್ ಆಫ್ ಮಾಡಬೇಡಿ ಎಂಬ ಸಾಲಿಗೆ, ವರದಿಯನ್ನು ಗೋಡೆಯಿಂದ ಕಿತ್ತು ಹಾಕಬೇಡಿ ಎಂಬ ಅರ್ಥ ಹೇಳಿಕೊಟ್ಟೆ. ಅವಳು ಎಲ್ಲವನ್ನೂ ಬಾಯಿಪಾಠ ಮಾಡಿದಳು. ಇಷ್ಟು ಶ್ರದ್ಧೆಯ ವಿದ್ಯಾರ್ಥಿನಿ ನನಗೆ ಸಿಕ್ಕೇ ಇರಲಿಲ್ಲ. ಸೋಮವಾರ ಸ್ಟಾಫ್‌ರೂಮಿನಲ್ಲಿ ನನ್ನ ಈ ಸೇವೆಯ ಬಗ್ಗೆ ಸ್ವಲ್ಪ ಜಂಬದಿಂದಲೇ ಹೇಳಿಕೊಂಡೆ. ನಮ್ಮ ಗಣಿತದ ಮೇಷ್ಟ್ರ ಮನೆಮಾತು ತೆಲುಗು. ಅವರು ನಕ್ಕು, “ಪುಟ್ ಅಂದ್ರೆ ಮಾ ಪೆಟ್ಟೇ ಕದಾ ಮೇಡಂ” ಅಂದರು, ನಮ್ಮ ಪೆಟ್ಟೇ ತಾನೆ ಎಂದು. ತೆಲುಗಿನ ‘ಪೆಟ್ಟು’ ಎಂದರೆ ಇಡು, ಹಾಕು, ಬಡಿಸು, ಎಲ್ಲ ಆಗುತ್ತದಂತೆ. ಕನ್ನಡದಲ್ಲಿ ಪೆಟ್ಟು ಎಂದರೆ ಏಟು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದು ಯಾರಿಗೆ ಬೀಳಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಐದನೇ ಭಾನುವಾರ ಓಬಮ್ಮ ಬಂದಾಗ ನೋಟ್‌ಬುಕ್ಕು ತಂದಿರಲಿಲ್ಲ. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಕೂರು ಎಂದರೂ ಕೂರಲಿಲ್ಲ. ನಿಂತೇ ನಡೆದದ್ದನ್ನು ಹೇಳಿದಳು.

ಪರೀಕ್ಷೆಯ ದಿನ ಕ್ಯಾಂಟೀನಿನ ಹಿಂದಿನ ಶೆಡ್ಡಿನಲ್ಲಿ ಒಂದು ಕಬ್ಬಿಣದ ತಟ್ಟೆಯಲ್ಲಿ ಎಣ್ಣೆಬಟ್ಟೆ ಹಾಕಿ ಬೆಂಕಿ ಹಚ್ಚಿದ್ದಾರೆ. ಪಕ್ಕದಲ್ಲಿ ಒದ್ದೆ ಗೋಣಿಚೀಲ, ಮರಳಿನ ಬಕೆಟ್ಟು, ಗೋಡೆಗೆ ಕೆಂಪು ಸಿಲಿಂಡರು. ಪರೀಕ್ಷಕರು, “ಓಬಮ್ಮ, ಪುಟ್ ಔಟ್ ದ ಫೈರ್” ಎಂದಿದ್ದಾರೆ. ಓಬಮ್ಮ ಅತ್ತಿತ್ತ ನೋಡದೆ ದೊಡ್ಡ ಇಕ್ಕಳದಿಂದ ಆ ತಟ್ಟೆಯನ್ನು ಹಿಡಿದೆತ್ತಿ, ಧಗಧಗ ಉರಿಯುವ ಬೆಂಕಿಯನ್ನು ಒಂದು ಹನಿ ಚೆಲ್ಲದಂತೆ ನಡೆಸಿಕೊಂಡು ಹೋಗಿ, ಹೊರಗೆ ಜಲ್ಲಿಯ ಮೇಲೆ ಇಟ್ಟು, ಕೈ ಕಟ್ಟಿ ನಿಂತಿದ್ದಾಳೆ. ಬೆಂಕಿ ಹೊರಗೆ ಚೆನ್ನಾಗಿ ಉರಿಯುತ್ತಿತ್ತಂತೆ. ಪರೀಕ್ಷಕರು ಬೆಂಕಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರಂತೆ. ಆಮೇಲೆ ಒಬ್ಬರು ನಕ್ಕರು, ನಂತರ ಎಲ್ಲರೂ ನಕ್ಕರು, ಜೊತೆಯಲ್ಲಿ ಕೆಲಸ ಮಾಡುವವರೂ ನಕ್ಕರು.

ನನಗೂ ನಗು ಬಂತು. ಅಷ್ಟರಲ್ಲಿ ಅವಳು ಬಟ್ಟೆ ಬಿಚ್ಚಿ ಮಣಿಕಟ್ಟು ತೋರಿಸಿದಳು. ಎರಡು ಬೆರಳಗಲ ಬೊಬ್ಬೆ ಎದ್ದಿತ್ತು.

“ಪುಟ್ ಔಟ್ ಅಂದ್ರೆ ಆರಿಸು ಅಂತಂತೆ,” ಎಂದಳು. “ನಿಂಗೆ ಗೊತ್ತಿತ್ತಾ?”

“ಇಲ್ಲ.”

“ಗೊತ್ತಿಲ್ಲ ಅಂತ ಅವತ್ತೇ ಒಂದು ಮಾತು ಅಂದಿದ್ರೆ ಏನಾಗ್ತಿತ್ತೇ ತಿಪ್ಪಿ? ನಾನೇನು ನಿನ್ನ ಕೆಲಸ ಕಿತ್ಕೊಂತಿದ್ನಾ?”

ಜೋರಾಗಿ ಬೈದಿದ್ದರೆ ನಾನೂ ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ. ಅವಳು ಮೆಲ್ಲಗೆ, ನಿಜವಾಗಿಯೂ ಉತ್ತರ ಬೇಕೆಂಬಂತೆ ಕೇಳಿದಳು. ನನಗೆ ಬ್ರಹ್ಮಗಿರಿಯ ಬಂಡೆ ನೆನಪಾಯಿತು. ಸಿದ್ದಾಪುರದ ಹತ್ತಿರದ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ದು ತೋರಿಸುತ್ತೇನೆ. ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿ ಇದೆ ಎಂಬುದನ್ನು ಅವರಿಗೆ ಎರಡೆರಡು ಸಲ ಒತ್ತಿ ಹೇಳುತ್ತೇನೆ. ಗುರುವೇ ತಪ್ಪು ಹೇಳಿಕೊಟ್ಟರೆ ಶಿಷ್ಯ ಏನು ಮಾಡಬೇಕು ಎಂಬುದು ಮಾತ್ರ ಆ ಬಂಡೆಯ ಮೇಲೆ ಎಲ್ಲೂ ಕಾಣಲಿಲ್ಲ. ಚಕ್ರವರ್ತಿಗೆ ಜಾಗ ಸಾಲದೆ ಹೋಗಿರಬೇಕು. ಆ ಶಾಸನದ ಭಾಷೆಯೂ ದೂರದಿಂದ ಬಂದದ್ದೇ. ನಮ್ಮ ಸೀಮೆಯ ಯಾರೋ ಒಬ್ಬ ಅದರ ಮುಂದೆ ನಿಂತು ಸುತ್ತಲಿನವರಿಗೆಲ್ಲ ತನಗೆ ತೋಚಿದ ಅರ್ಥ ಹೇಳಿರಬೇಕು, ನನ್ನ ಹಾಗೆ. ಅವನಿಂದ ಯಾರ ಕೈ ಸುಟ್ಟಿತೋ.

ಒಳ್ಳೆಯ ಸುದ್ದಿ ಒಂದೇ ಇತ್ತು. ಉರಿಯುವ ತಟ್ಟೆ ಹಿಡಿದು ಗಾಬರಿಯಾಗದೆ ನಡೆದವಳ ಧೈರ್ಯ ನೋಡಿ ಪರೀಕ್ಷಕರು ಮೂರು ವಾರ ಬಿಟ್ಟು ಮತ್ತೊಂದು ಸಲ ಬಾ ಎಂದಿದ್ದರು.

“ಇನ್ನೊಬ್ರು ಯಾರಾದ್ರೂ ಹೇಳ್ಕೊಡೋರು ಇದ್ರೆ ಹೇಳು,” ಎಂದಳು ಓಬಮ್ಮ. “ನೀನೂ ಬಂದು ಕುಂತ್ಕೊ. ನಿಂಗೂ ಬೇಕಾಗೈತೆ.”

ಚಳ್ಳಕೆರೆಯ ಬಸ್ ನಿಲ್ದಾಣದ ಹತ್ತಿರ ಶಹೀನಾ ಎಂಬ ಹುಡುಗಿಯ ಜೆರಾಕ್ಸ್ ಅಂಗಡಿ ಇದೆ. ಪಕ್ಕದಲ್ಲೇ ಅವರಪ್ಪನ ಬೈಕ್ ರಿಪೇರಿ ಶೆಡ್ಡು. ಆಕೆ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ್ದಾಳೆ ಎಂಬುದು, ವರ್ಷಗಟ್ಟಲೆ ಅಲ್ಲಿ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿದ ನನಗೆ ತಿಳಿದದ್ದು ಹೋದ ವರ್ಷ. ಮರುದಿನ ಸಂಜೆ ಇಬ್ಬರೂ ಹೋಗಿ ಅಂಗಡಿಯ ಬೆಂಚಿನ ಮೇಲೆ ಕೂತೆವು. ನನ್ನ ಪಾಠದ ವಿವರ ಕೇಳಿದ ಶಹೀನಾ ನಗಲಿಲ್ಲ. ಅಷ್ಟು ಮರ್ಯಾದೆಯನ್ನು ನಾನು ನಿರೀಕ್ಷಿಸಿರಲಿಲ್ಲ.

“ಮೇಡಂ, ನೀವು ಪುಟ್ ಅನ್ನೋದನ್ನೇ ನೋಡ್ತಾ ಇದ್ದೀರಿ,” ಎಂದಳು. “ಅದು ಬರೀ ಇಂಜಿನ್ನು. ಹಿಂದೆ ಬರೋ ಸಣ್ಣದು ಗೇರು. ಫಸ್ಟ್ ಗೇರ್ ಹಾಕಿದ್ರೆ ಗಾಡಿ ಏರು ಹತ್ತುತ್ತೆ, ರಿವರ್ಸ್ ಹಾಕಿದ್ರೆ ಹಿಂದೆ ಹೋಗುತ್ತೆ. ಇಂಜಿನ್ ಅದೇ ಐತೆ. ಎರಡನ್ನೂ ಬಿಡಿಸಿ ಬಿಡಿಸಿ ಅರ್ಥ ಮಾಡೋಕೆ ಹೋದ್ರೆ ನಮ್ಮ ಅಬ್ಬಾನ ರಿಪೇರಿ ಶೆಡ್ಡಿನ ಥರ ಆಗುತ್ತೆ, ಎಲ್ಲಾ ಪಾರ್ಟೂ ನೆಲದ ಮೇಲೆ ಇರ್ತವೆ, ಗಾಡಿ ಮಾತ್ರ ಹೋಗಲ್ಲ.”

ಓಬಮ್ಮ ಅವಳನ್ನು ಅಲ್ಲೇ ತಡೆದಳು.

“ಗೇರು ಹಾಕದು ಅಂದೆ. ನಮ್ದೂ ಹಂಗೇ ಅಲ್ವಾ? ಬಾಗಿಲು ಹಾಕು ಅಂದ್ರೆ ಮುಚ್ಚದು. ಲೈಟ್ ಹಾಕು ಅಂದ್ರೆ ಹಚ್ಚದು. ಮಗಳನ್ನ ಸ್ಕೂಲಿಗೆ ಹಾಕ್ದೆ, ಅತ್ತೇನ ಆಸ್ಪತ್ರೆಗೆ ಹಾಕ್ದೆ. ಸಾರಿಗೆ ಉಪ್ಪು ಹಾಕ್ದೆ.”

ನಾನು ಬೆರಗಾದೆ. ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ನನಗೆ ನಮ್ಮ ‘ಹಾಕು’ ಹೀಗೆ ಮನೆಯೆಲ್ಲ ಓಡಾಡಿಕೊಂಡಿರುವುದು ಕಂಡೇ ಇರಲಿಲ್ಲ. ಆಮೇಲೆ ಮೂವರೂ ಸೇರಿ ಹುಡುಕಿದೆವು. ಅರ್ಜಿ ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ. ಒಬ್ಬರಿಗೆ ಹಾರ ಹಾಕುತ್ತೇವೆ, ಇನ್ನೊಬ್ಬರಿಗೆ ಟೋಪಿ ಹಾಕುತ್ತೇವೆ. ದನಕ್ಕೆ ಸೊಪ್ಪು ಹಾಕುತ್ತೇವೆ, ಗಂಡಂದಿರ ಮಾತಿಗೆ ಸೊಪ್ಪು ಹಾಕುವುದಿಲ್ಲ. ಬೇಡದ ಕೆಲಸವನ್ನು ಮುಂದಕ್ಕೆ ಹಾಕುತ್ತೇವೆ. “ಅದೇ ಪುಟ್ ಆಫ್,” ಎಂದಳು ಶಹೀನಾ. ಕಳಚು ಎಂದು ಹೇಳಿಕೊಟ್ಟಿದ್ದವಳು ನಾನು, ನೆಲ ನೋಡಿದೆ. ಪಾಪ, ಯಾವನೋ ಇಂಗ್ಲಿಷಿನವನು ಕನ್ನಡ ಕಲಿಯಲು ಬಂದು, ಟೋಪಿ ಹಾಕಿದರು ಎಂದರೆ ತಲೆ ಮುಟ್ಟಿ ನೋಡಿಕೊಳ್ಳುವ ದೃಶ್ಯ ನೆನೆದು ನನ್ನ ಮನಸ್ಸು ಕೊಂಚ ಹಗುರಾಯಿತು.

ಮೂರು ವಾರ ದಿನಾ ಸಂಜೆ ಆ ಬೆಂಚಿನ ಮೇಲೆ ಪಾಠ. ಶಹೀನಾ ಅರ್ಥ ಬರೆಸುತ್ತಿರಲಿಲ್ಲ, ಕೆಲಸ ಮಾಡಿಸುತ್ತಿದ್ದಳು. ಪುಟ್ ಅವೇ ಎಂದರೆ ಕಾಗದವನ್ನು ಅದರ ಜಾಗಕ್ಕೆ ಎತ್ತಿಡಬೇಕು. ಪುಟ್ ಡೌನ್ ಎಂದರೆ ಕೈಯಲ್ಲಿದ್ದ ಬ್ಯಾಗು ಕೆಳಗಿಡಬೇಕು. ಪುಟ್ ಅಪ್ ಎಂದರೆ ಬೋರ್ಡಿಗೆ ನೋಟೀಸು ಅಂಟಿಸಬೇಕು. ಎಂ.ಎ. ಪದವಿ ಎರಡೂ ಕಡೆ ಇದ್ದರೂ ನಾನು ಅಂಟಿಸುವವಳು, ಅವಳು ಅಪ್ಪಣೆ ಕೊಡುವವಳು. ಜೆರಾಕ್ಸಿಗೆ ಬಂದವರು ಮೊಳಕಾಲ್ಮೂರಿನ ಮೇಡಂ ಇಲ್ಲಿ ಕೆಲಸಕ್ಕೆ ಸೇರಿದರೇ ಎಂದು ಕೇಳಿದ್ದೂ ಉಂಟು.

ಎರಡನೇ ಪರೀಕ್ಷೆಯ ದಿನ ನನಗೆ ಶಾಲೆಯಲ್ಲಿ ಕೂತ ಕಡೆ ಕೂರಲಾಗಲಿಲ್ಲ. ಸಂಜೆ ಬಸ್ಸಿಳಿದು ನೇರ ಅಂಗಡಿಗೆ ಹೋದರೆ ಓಬಮ್ಮ ಆಗಲೇ ಬೆಂಚಿನ ಮೇಲಿದ್ದಳು. ಈ ಸಲ ಬೆಂಕಿಗೆ ಒದ್ದೆ ಗೋಣಿ ಮುಚ್ಚಿ ಕ್ಷಣದಲ್ಲಿ ಆರಿಸಿದಳಂತೆ. ಗೋಡೆಯ ಏಳೂ ಪುಟ್ ಸರಿಯಾಗಿ ಹೇಳಿದಳಂತೆ. ಎಲ್ಲ ಮುಗಿಯಿತು ಎನ್ನುವಾಗ ಪರೀಕ್ಷಕರಲ್ಲಿದ್ದ ಒಬ್ಬ ಹೆಂಗಸು, ಈ ಅಡುಗೆಮನೆಯಲ್ಲಿ ನೀವು ಏನನ್ನೆಲ್ಲ ‘ಪುಟ್ ಅಪ್ ವಿತ್’ ಮಾಡುತ್ತೀರಿ ಎಂದು ಕೇಳಿಬಿಟ್ಟರು. ಅದು ಗೋಡೆಯ ಮೇಲೆ ಇರಲಿಲ್ಲ. ನಾವೂ ಕಲಿತಿರಲಿಲ್ಲ.

“ಏನ್ ಹೇಳ್ದೆ?” ಎಂದೆ. ಅವಳ ಜಾಗದಲ್ಲಿ ನಾನಿದ್ದರೆ ಪದ ಬಿಡಿಸಿ, ನೋಟೀಸಿನ ಜೊತೆಗೆ ಇನ್ನೇನನ್ನೋ ಅಂಟಿಸಿಬಿಡುತ್ತಿದ್ದೆ.

“ಮೇಡಂ, ದಿಸ್ ಪುಟ್ ಐ ಡೋಂಟ್ ನೋ. ಯು ಟೆಲ್, ಐ ಲರ್ನ್ ಅಂದೆ.”

ಆ ಹೆಂಗಸು, ಪುಟ್ ಅಪ್ ವಿತ್ ಎಂದರೆ ಸಹಿಸಿಕೊಳ್ಳುವುದು ಎಂದು ಕೈಸನ್ನೆ ಮಾಡಿ ತಿಳಿಸಿದರಂತೆ. ಓಬಮ್ಮ ಯೋಚಿಸಿ ಉತ್ತರ ಕೊಟ್ಟಳು: “ಹೀಟ್, ಮೇಡಂ. ಸ್ಮೋಕ್. ಅಂಡ್ ಸೈಂಟಿಸ್ಟ್ಸ್.”

ಈ ಸಲವೂ ಎಲ್ಲರೂ ನಕ್ಕರಂತೆ. ಆದರೆ ಈ ಸಲ ನಗಿಸಿದವಳು ಓಬಮ್ಮ. ಹದಿನೈದು ದಿನಕ್ಕೆ ಕಾಗದ ಬಂತು. ಅಡುಗೆಯೂ ಅವಳದೇ, ಅಧಿಕಾರವೂ ಅವಳದೇ.

ಈಗ ಭಾನುವಾರಗಳಲ್ಲಿ ಓಬಮ್ಮ ನನ್ನಿವಾಳದ ತನ್ನ ಮನೆಯ ಜಗಲಿಯ ಮೇಲೆ ಕ್ಯಾಂಟೀನಿನ ಐದಾರು ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಪುಟ್ ಮುಗಿದು ‘ಗೆಟ್’ ಶುರುವಾಗಿದೆ. ಶಹೀನಾ ತಿಂಗಳಿಗೊಮ್ಮೆ ಬಂದು ತಿದ್ದಿ ಹೋಗುತ್ತಾಳೆ. ನಾನು ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂರುತ್ತೇನೆ. ಹೋದ ವಾರ ಓಬಮ್ಮ ನನ್ನನ್ನೇ ಎಬ್ಬಿಸಿ, “ಗೆಟ್ ಓವರ್ ಅಂದ್ರೆ ಏನು, ಹೇಳು” ಎಂದಳು. ಹಳೆಯ ಚಟ, ಬಿಡಿಸಿ ನೋಡಿದೆ. ಮೇಲೆ ಹತ್ತಿ ಕೂರುವುದು ಎಂದೆ. ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. “ಆಗಿದ್ದನ್ನ ಮರೆತು ಮುಂದೆ ಹೋಗದು ಅಂತ ಕಣೆ,” ಎಂದು ಓಬಮ್ಮ ನನ್ನನ್ನೇ ನೋಡಿ ಹೇಳಿ, “ಕುಂತ್ಕೊ” ಎಂದಳು.

ಕೂತೆ. ತಪ್ಪು ಉತ್ತರ ಹೇಳಿ ಆರಾಮವಾಗಿ ಕೂರುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ, ನಾನು ಇಷ್ಟು ಬೇಗ ಮೇಡಂ ಆಗುತ್ತಿರಲಿಲ್ಲ.