ಚಿನ್ನಿದಾಂಡಿನ ಬಯಲಲ್ಲಿ ತೋರಿಸಿದ ಕೈ

ನನ್ನ ಯಜಮಾನರ ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಹೊಗೆಸೊಪ್ಪಿನ ರಸ ತುಂಬಿರುತ್ತಿತ್ತು. ಮಾತಾಡಿದರೆ ಚೆಲ್ಲೀತೆಂದು ಎಲ್ಲವನ್ನೂ ಕೈಯಲ್ಲೇ ಹೇಳುತ್ತಿದ್ದರು. ಚಳ್ಳಕೆರೆಯಲ್ಲಿ ನಮ್ಮ ಮನೆಯ ಮುಂದಿನ ಬಯಲಿನಲ್ಲಿ ಯುಗಾದಿಯ ಹೊತ್ತಿಗೆ ಗಂಡಸರು ಚಿನ್ನಿದಾಂಡು ಆಡುವಾಗ ತೀರ್ಪು ಕೊಡಲು ಇವರನ್ನೇ ನಿಲ್ಲಿಸುತ್ತಿದ್ದರು. ಮುಷ್ಟಿ ಎತ್ತಿದರೆ ಆಟಗಾರ ಸತ್ತ. ಎರಡೂ ಕೈ ಅಗಲಿಸಿದರೆ ಉಳಿದ. ಒಮ್ಮೆ ತೋರಿಸಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಆ ಕಟ್ಟಳೆ ಇವರೇ ಮಾಡಿದ್ದು.

ಅದೇ ಕೈ ಮನೆಯೊಳಗೂ ನಡೆಯುತ್ತಿತ್ತು. ಚಿಟಿಕೆ ಹೊಡೆದರೆ ನಾನು ಬರಬೇಕು, ನಾಯಿಯನ್ನು ಕರೆದ ಹಾಗೆ. ಕೇಳಿದ್ದಕ್ಕೆ ಮುಷ್ಟಿ ಎತ್ತಿದರೆ ಇಲ್ಲ, ಕೈ ಅಗಲಿಸಿದರೆ ಆಗಲಿ. ಉಗುರಿನ ಸಂದಿಯಲ್ಲಿ ಸುಣ್ಣ, ಬೆರಳ ತುದಿಯಲ್ಲಿ ಕೆಂಪು ಜೊಲ್ಲು. ಆ ಕೈ ಮುಖದ ಮುಂದೆ ಆಡಿದಾಗಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಹೊಡೆಯುವ ಕೈಯಲ್ಲವಲ್ಲ ಎಂದು ಮನೆದೇವರಿಗೆ ದಿನವೂ ಅಡ್ಡಬೀಳುತ್ತಿದ್ದೆ.

ಆ ವರ್ಷ ಮೊಳಕಾಲ್ಮೂರಿನಲ್ಲಿ ಅವ್ವ ಹಾಸಿಗೆ ಹಿಡಿದಳು. ಕಣ್ಣು ಮುಚ್ಚುವ ಮೊದಲು ನೋಡಿ ಬರುತ್ತೇನೆಂದು ಮೂರು ಸಲ ಕೇಳಿದೆ. ಮೂರು ಸಲವೂ ಮುಷ್ಟಿ. ಕೊನೆಗೆ ನನ್ನ ತಮ್ಮನೇ ಗಾಡಿ ಕಟ್ಟಿಕೊಂಡು ಬಂದ. ಬಯಲಲ್ಲಿ ಆಟ ನಡೆದಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

"ಭಾವಾ, ಅವ್ವ ಅಕ್ಕನ್ನೇ ಕನವರಿಸ್ತೈತೆ. ಕರ್ಕಂಡು ಹೋಗ್ಲೇನ್ರಿ?" ಎಂದು ಅವನು ಇವರ ಬೆನ್ನ ಹಿಂದೆ ನಿಂತು ಕೂಗಿದ.

ಅದೇ ಗಳಿಗೆಗೆ ಒಬ್ಬ ಹಾರಿಬಂದ ಚಿನ್ನಿಯನ್ನು ಹಿಡಿಯಲು ಹೋಗಿ ಕೈಬಿಟ್ಟ. ಇವರು ಎರಡೂ ಕೈ ಅಗಲಿಸಿದರು.

"ಆಗ್ಲಿ ಅಂದ್ರು ಕಣಕ್ಕಾ!" ತಮ್ಮ ಓಡಿ ಬಂದ.

ಅದು ಆಟಗಾರನಿಗೆ ತೋರಿಸಿದ ಕೈ ಎಂದು ನನಗೆ ಗೊತ್ತಿತ್ತು. ದೇವರ ಮುಂದೆ ಸುಳ್ಳು ಹೇಳಲಾರೆ. ಗಂಟು ಎತ್ತಿಕೊಂಡು ಗಾಡಿ ಹತ್ತಿದೆ. ಆಟ ಮುಗಿಯುವ ಹೊತ್ತಿಗೆ ಊರು ದಾಟಿದ್ದೆವು.

ಅವ್ವನಿಗೆ ಇನ್ನೂ ಗುರುತು ಸಿಗುತ್ತಿತ್ತು. ಎಂಟು ದಿನ ಗಂಜಿ ಕುಡಿಸುತ್ತ ಈ ಕೈಗಳ ಕಥೆಯನ್ನೆಲ್ಲ ಹೇಳಿದೆ. ಒಂಬತ್ತನೆಯ ದಿನ ಇವರು ಬಂದರು. ಮಾತಾಡಲೇಬೇಕಿತ್ತಲ್ಲ, ಅವ್ವನ ಹಾಸಿಗೆಯ ಪಕ್ಕದ ಗೋಡೆಗೇ ಬಾಯಲ್ಲಿದ್ದುದನ್ನೆಲ್ಲ ಪಿಚಕ್ಕೆಂದು ಉಗಿದರು.

"ಅದು ಆಟದ ಕೈ ಕಣೇ! ನಿಂಗ್ಯಾರೇ ಹೋಗು ಅಂದಿದ್ದು?"

"ತೋರ್ಸಿದ ಕೈ ಹಿಂದಕ್ಕೆ ತಗಳ್ಳಂಗಿಲ್ಲ ಅಂತ ನೀವೇ ಅಲ್ವೇನ್ರಿ ಹೇಳಿದ್ದು?"

ಅವ್ವ ಕಂಬಳಿಯೊಳಗಿಂದ ಮೆಲ್ಲಗೆ ಇವರತ್ತ ತನ್ನ ಮುಷ್ಟಿ ಎತ್ತಿದಳು. ತಮ್ಮ ನಗು ತಡೆಯಲಾರದೆ ಹೊರಗೆ ಓಡಿದ.

ಇವರು ಒಬ್ಬರೇ ಹಿಂದಿರುಗಿದರು. ಗೋಡೆ ತಿಕ್ಕುವ ಪಾಡು ನನಗೇ ಬಂತು. ಮೂರು ಸಲ ಸುಣ್ಣ ಬಳಿದರೂ ಆ ಕೆಂಪು ಹೋಗಲಿಲ್ಲ. ಬಳಿಯುವ ನೆಪದಲ್ಲಿ ಇನ್ನೂ ನಾಲ್ಕು ದಿನ ಅವ್ವನ ಹತ್ತಿರ ಉಳಿದೆ.