ಬೋಲ್ಟಿನ ಅಡಿಯ ಹಸಿರು ಬಣ್ಣ

ಮಗನ ಹಳೆಯ ಸ್ಕೂಟರಿನ ದೀಪ ಕೆಟ್ಟು ಮೂರು ದಿನವಾಯಿತು. ಇವತ್ತು ಬೆಳಿಗ್ಗೆ ಅವನು ಅಂಗಳದಲ್ಲಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, "ಆ ಮೆಕ್ಯಾನಿಕ್ಕನೇ ಕೆಡಿಸ್ಯಾನ" ಎಂದು ಗೊಣಗುತ್ತಿದ್ದ. ಸುಟ್ಟ ವೈರಿನ ವಾಸನೆ ನನ್ನ ಮೂಗಿಗೂ ಬಂತು. ಆ ವಾಸನೆ ಬಂದರೆ ಸಾಕು, ನನ್ನೊಳಗಿನ ತಜ್ಞ ಎದ್ದು ಕೂರುತ್ತಾನೆ. ನಿನಗೆ ಕರೆಂಟಿನ ವಿಷಯ ಏನು ಗೊತ್ತಪ್ಪಾ ಎಂದು ನೀವು ಕೇಳಬಹುದು. ಹೆಚ್ಚೇನೂ ಗೊತ್ತಿಲ್ಲ. ಆದರೆ ಗೊತ್ತಿದ್ದವರ ಹಾಗೆ ಮಾತಾಡುವುದರಲ್ಲಿ ನನ್ನನ್ನು ಮೀರಿಸುವವರು ರಾಯಚೂರಿನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆಗ ಎಂದರೆ ನಿಜಾಮರ ಕಾಲ, ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳು. ನಮ್ಮ ತಂದೆ ವಕೀಲರು. ಮಾನ್ವಿ, ದೇವದುರ್ಗದ ಕಚೇರಿಗಳಿಗೆ ಓಡಾಡಲು ಒಂದು ಮೋಟಾರು ಕಾರು ಇಟ್ಟಿದ್ದರು. ಅದು ಆಗಲೇ ಮುದಿ. ಅದನ್ನು ಓಡಿಸುವವನೂ ಲಾಲ್‌ಸಾಬ್, ಕೆಟ್ಟರೆ ರಿಪೇರಿ ಮಾಡುವವನೂ ಲಾಲ್‌ಸಾಬ್. ಯರಗೇರಾದವನು, ಮಿತಭಾಷಿ. ನಾನು ಓದು ಮುಗಿಸಿ, ಕೆಲಸ ಸಿಗದೆ, ಮನೆಯಲ್ಲಿ ಎಲ್ಲರಿಗೂ ಸಲಹೆ ಕೊಡುತ್ತ ಆರಾಮಾಗಿದ್ದೆ.

ಆಯುಧಪೂಜೆಗೆ ನಮ್ಮ ಮನೆಯಲ್ಲಿ ಕಬ್ಬಿಣದ್ದೆಲ್ಲ ಹೊಸದಾಗಬೇಕು. ಕುಡಗೋಲು, ಕೊಡಲಿ, ಕೊನೆಗೆ ಅಪ್ಪನ ಕಾಗದದ ಪೆಟ್ಟಿಗೆಯ ಬೀಗವೂ. ಆ ವರ್ಷ ಲಾಲ್‌ಸಾಬ್ ನಾಲ್ಕು ದಿನ ಮಗಳ ಮನೆಗೆಂದು ದೇವದುರ್ಗಕ್ಕೆ ಹೋಗಿದ್ದ. ಮೋಟಾರಿನ ಶೃಂಗಾರವನ್ನು ನಾನೇ ವಹಿಸಿಕೊಂಡೆ. ಬ್ಯಾಟರಿ ಇಳಿಸಿ, ಸಿಕ್ಕ ಬೋಲ್ಟುಗಳನ್ನೆಲ್ಲ ಬಿಚ್ಚಿ, ದಪ್ಪಗೆ ಹಸಿರು ಬಣ್ಣ ಬಳಿದೆ. ಮನುಷ್ಯರಿಗೆ ಕಾಣದಿದ್ದರೂ ದೇವರಿಗೆ ಕಾಣುತ್ತದಲ್ಲ ಎಂದು ಬೋಲ್ಟಿನ ಅಡಿಗೂ ಬಳಿದೆ. ಪೂಜೆಗೆ ಬಂದವರೆಲ್ಲ ಮೋಟಾರನ್ನು ಹೊಗಳಿದರು. ನನ್ನನ್ನೇ ಹೊಗಳಿದಷ್ಟು ಹಿಗ್ಗಿದೆ.

ದಸರೆ ಮುಗಿದ ಮರುದಿನ ಅಪ್ಪ ದೇವದುರ್ಗದ ಕಚೇರಿಗೆ ಹೊರಟು ಕೂತರೆ ಮೋಟಾರು ನರಳಿತು, ಹೊರಡಲಿಲ್ಲ. ದೀಪಗಳು ಮಿಣಮಿಣ ಎಂದವು. ಹಿಂದಿನ ಸಂಜೆ ಮಗಳ ಮನೆಯಿಂದ ಬಂದಿದ್ದ ಲಾಲ್‌ಸಾಬನನ್ನು ಅಪ್ಪ ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದಂತೆ ನಿಲ್ಲಿಸಿಕೊಂಡರು.

"ಇದು ಯಾರ ತಪ್ಪು ಅಂತ ಇವತ್ತ ಗೊತ್ತಾಗಬೇಕು. ನಿಂದಾದ್ರ ಕೀಲಿ ಇಟ್ಟು ಹೋಗು."

ಹೇಳಿ ಒಳಗೆ ಹೋದರು. ಲಾಲ್‌ಸಾಬನ ಅನ್ನ ಆ ತಂತಿಗಳಲ್ಲಿ ಸಿಕ್ಕಿಕೊಂಡಿತ್ತು. ನಾನು ಅವನನ್ನು ಉಳಿಸಲು ಮುಂದಾದೆ. ಬಲ್ಬು ಬದಲಿಸಿದೆ, ಹಾರ್ನಿನ ವೈರು ಬಿಗಿದೆ, ಕೊನೆಗೆ "ಬ್ಯಾಟರಿ ಸತ್ತದ" ಎಂದು ತೀರ್ಪು ಕೊಟ್ಟೆ. ಅವನು ನನ್ನ ಉಪನ್ಯಾಸ ಮುಗಿಯುವವರೆಗೆ ಬೀಡಿ ಸೇದಿದ. ಆಮೇಲೆ ಒಂದು ಉದ್ದ ವೈರನ್ನು ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ಕೊಟ್ಟ. ಅದೇ ಮಿಣಮಿಣ. ಇನ್ನೊಂದು ವೈರನ್ನು ದೀಪದ ಮೈಯಿಂದ ವಾಪಸ್ ಬ್ಯಾಟರಿಗೆ ಮುಟ್ಟಿಸಿದ. ದೀಪ ಜಗ್ಗನೆ ಉರಿಯಿತು.

"ನೋಡ್ರಿ, ಕರೆಂಟು ಹೋಗೋ ದಾರಿ ಚಲೋ ಅದ. ಬರೋ ದಾರಿ ಬಂದ್ ಆಗೇದ."

ಬರುವ ದಾರಿ ಎಂದರೆ ಗಾಡಿಯ ಮೈಯೇ. ಬ್ಯಾಟರಿಯ ಪಟ್ಟಿ ಮೈಗೆ ಸೇರುವ ಬೋಲ್ಟನ್ನು ಅವನು ಬಿಚ್ಚಿದ. ಅಡಿಯಲ್ಲಿ ಕರೆಂಟನ್ನು ತಡೆದು ಕೂತಿದ್ದ, ಇನ್ನೂ ಸರಿಯಾಗಿ ಒಣಗದ ಹಸಿರು ಬಣ್ಣ. ಒಮ್ಮೆ ಅದೇ ಬಣ್ಣ ಹತ್ತಿದ್ದ ನನ್ನ ಉಗುರುಗಳನ್ನು ನೋಡಿದ. ಬಣ್ಣವನ್ನು ಚಾಕುವಿನಿಂದ ಕೆರೆದು ಬೋಲ್ಟು ಬಿಗಿದ. ಮೋಟಾರು ಎದ್ದಿತು. ಸದ್ದು ಕೇಳಿ ಅಪ್ಪ ಹೊರಬಂದರು.

"ಏನಾಗಿತ್ತು?"

"ತುಕ್ಕು ಹಿಡಿದಿತ್ರೀ."

"ತುಕ್ಕು ನೋಡೋದು ಯಾರ ಕೆಲಸ?"

"ನಂದ್ರೀ."

ಕೀಲಿಯನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಊರಿಗೆಲ್ಲ ಬುದ್ಧಿ ಹೇಳುವ ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಅವತ್ತಿನಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕೀಲಿಯನ್ನು ನನ್ನ ಕಡೆ ಸರಿಸಿದರು. "ನೀನ ಹೋಗಿ ಕೊಟ್ಟು ಬಾ."

ಒಬ್ಬನೇ ಮೋಟಾರು ಓಡಿಸಿದ್ದು ಅದೇ ಮೊದಲು. ಯರಗೇರಾದ ದಾರಿಯಲ್ಲಿ, ಊರು ಇನ್ನೂ ಒಂದು ಮೈಲಿ ಇರುವಾಗ ಅವನು ಸಿಕ್ಕ. ಅಪ್ಪನಿಗೆ ಹೇಳಿದ್ದನ್ನು ತೊದಲುತ್ತ ಹೇಳಿದೆ. ಅವನು ನನ್ನ ಕಡೆ ನೋಡದೆ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದ.

"ಎರಡನೇ ಗೇರಿನ್ಯಾಗ ಎಲ್ಲಿಂದ ಬಂದ್ರಿ?"

"ಮನಿಯಿಂದ."

"ಅತ್ತಾಗ ಸರಕೊಳ್ರಿ," ಎಂದು ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಹತ್ತಿ ಕೂತ.

ಇವತ್ತು ಮಗನ ಪಕ್ಕ ಕೂತು ಇದನ್ನೆಲ್ಲ ಹೇಳಿ ಮುಗಿಸಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿದ.

"ಅಪ್ಪಾ, ನಾ ಸಣ್ಣಾಂವ ಇದ್ದಾಗಿಂದ ಈ ಕತಿ ಕೇಳೀನಿ. ಬಣ್ಣ ಹಚ್ಚಿ ಕೆಡಿಸಿದ್ದು ಲಾಲ್‌ಸಾಬ್, ಹುಡುಕಿ ತೆಗೆದಾಂವ ನೀನು ಅಂತಿದ್ದಿ."

"ಹೂಂ, ಅಂತಿದ್ದೆ," ಎಂದೆ. "ಹಚ್ಚಿದಾಂವ ನಾನು."